ಕೂಗಿದ್ದು ಒಬ್ಬರು, ಕೆಂಪು ಬಿದ್ದಿದ್ದು ಇನ್ನೊಬ್ಬರಿಗೆ

ಈಚೆಗೆ ನಾನು ಮೋಸಗಾರ್ತಿಯಾದೆ.

ಇಷ್ಟು ವರ್ಷ ನನ್ನನ್ನು ನಂಬಿಕೊಂಡು ವಾರವಾರ ಓದುತ್ತಾ ಬಂದಿದ್ದೀರಿ. ಇನ್ನು ಸ್ವಲ್ಪ ಜೋಪಾನ. "ಕಂಚು ಅಂತ ಹೇಳಿ ತಗಡು ಮಾರ್ತಾರೆ. ಮೋಸ. ಯಾರೂ ವ್ಯವಹಾರ ಮಾಡ್ಬೇಡಿ." ಹೀಗಂತ ನನ್ನ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ ಬಿದ್ದಿತ್ತು. ಪಕ್ಕದಲ್ಲಿ ಒಂದೇ ಒಂದು ಸ್ಟಾರ್, ಅನಾಥವಾಗಿ. ಅದೂ ಇಡೀ ದೇಶ ಓದಬಹುದಾದ ಜಾಗದಲ್ಲಿ.

ಬರೆದವರು ನನ್ನಿಂದ ಏನನ್ನೂ ಕೊಂಡಿರಲಿಲ್ಲ. ದುಡ್ಡು ಕೊಟ್ಟಿರಲಿಲ್ಲ. ಆ ಕಂಚನ್ನು ಕೈಯಲ್ಲಿ ಮುಟ್ಟಿಯೂ ನೋಡಿರಲಿಲ್ಲ. ಮುಟ್ಟದೆಯೇ ತಗಡು ಅನ್ನುವ ವಿದ್ಯೆ ಇಂಟರ್ನೆಟ್ಟಿನಲ್ಲಲ್ಲದೆ ಇನ್ನೆಲ್ಲಿ ಸಿಗುತ್ತದೆ?

ನನ್ನ ಹಳೇ ಸಾಮಾನಿನ ಹುಚ್ಚು ನಿಮಗೆ ಹೊಸದಲ್ಲ. ಹುಣಸೂರಿನ ನಮ್ಮ ಮನೆಗೆ ಬಂದವರು ಮೊದಲು ಒರಳುಕಲ್ಲು ಎಡವುತ್ತಾರೆ. ಆಮೇಲೆ ಲಾಟೀನಿಗೆ ತಲೆ ತಾಗಿಸಿಕೊಳ್ಳುತ್ತಾರೆ. ಕುರ್ಚಿ ಹುಡುಕುವುದು ಅದಾದ ಮೇಲೆ. ಕೊನೆಗೊಂದು ದಿನ ನಮ್ಮ ಯಜಮಾನರು (ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾರೆ, ಮನೆಯಲ್ಲಿ ಜಾಗದ ಲೆಕ್ಕ ಹಾಕುತ್ತಾರೆ) ಒಂದು ಕರಾರು ಹಾಕಿದರು. ಹೊಸದಾಗಿ ಒಂದು ಹಳೇ ವಸ್ತು ಒಳಗೆ ಬಂದರೆ, ಹಳೆಯದಾಗಿ ಬಂದಿದ್ದ ಇನ್ನೊಂದು ಹೊರಗೆ ಹೋಗಬೇಕು. ಬೇರೆ ದಾರಿಯಿಲ್ಲದೆ ಒಂದು ಹರಾಜಿನ ಆ್ಯಪ್ ಹಾಕಿಕೊಂಡೆ. ಬರಬರುತ್ತಾ ಅದೇ ಒಂದು ಸೈಡ್ ಬಿಸಿನೆಸ್ ಆಯಿತು.

ಇದರ ಪರಿಚಯ ಇಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ವಸ್ತುವಿನ ಫೋಟೋ ಹಾಕುತ್ತೀರಿ. ಎಲ್ಲೆಲ್ಲಿಯವರೋ ಕೂತಲ್ಲೇ ಒಬ್ಬರ ಮೇಲೊಬ್ಬರು ಬೆಲೆ ಕೂಗುತ್ತಾರೆ. ಟೈಮ್ ಮುಗಿದಾಗ ಯಾರ ಕೂಗು ಹೆಚ್ಚೋ ಅವರದು. ಅವರು ದುಡ್ಡು ಹಾಕಬೇಕು, ನೀವು ವಸ್ತು ಕಳಿಸಬೇಕು. ಆಮೇಲೆ ಅವರು ನಿಮಗೆ ಸ್ಟಾರ್ ಕೊಡುತ್ತಾರೆ, ನೀವು ಅವರಿಗೆ ಕೊಡುತ್ತೀರಿ. ಬೀಗರು ಬೀಗರಿಗೆ ಸೀರೆ ಪಂಚೆ ಕೊಟ್ಟ ಹಾಗೆ. ಈ ಸ್ಟಾರೇ ಎಲ್ಲ. ನಿಮ್ಮ ಮುಖ ಯಾರೂ ನೋಡಿರುವುದಿಲ್ಲ, ಸ್ಟಾರ್ ನೋಡಿಯೇ ವ್ಯಾಪಾರ.

ಆ ಸಲ ನಾನು ಇಟ್ಟಿದ್ದು ಒಂದು ಜೊತೆ ಎತ್ತಿನ ಗಂಟೆ. ಪಿರಿಯಾಪಟ್ಟಣದ ಕಡೆ ನಮ್ಮ ಅತ್ತೆಯ ತವರಿನಿಂದ ಬಂದದ್ದು. ಅಪ್ಪಟ ಕಂಚು. ಒಂದು ಸಲ ಅಲ್ಲಾಡಿಸಿದರೆ ಪಕ್ಕದ ಮನೆಯವರು ಪೂಜೆ ಮುಗಿಯಿತಾ ಅಂತ ಕೇಳುವಷ್ಟು ನಾದ. ಭಾನುವಾರ ಸಂಜೆ ಹರಾಜು ಮುಗಿಯುವ ಹೊತ್ತಿಗೆ ಇಬ್ಬರು ಜಿದ್ದಿಗೆ ಬಿದ್ದರು. ಒಬ್ಬರು ಬೆಂಗಳೂರಿನ ಯಾವುದೋ ರೆಸಾರ್ಟ್ ಅಲಂಕಾರದವರು. ಇನ್ನೊಬ್ಬರ ಹೆಸರು "ರೂಪಾ ಕುಚ್ಚು". ಇವರು ಹತ್ತಿದರೆ ಅವರು, ಅವರು ಹತ್ತಿದರೆ ಇವರು. ನಾನು ಒಲೆಯ ಮೇಲಿನ ಹಾಲು ಮರೆತು ಫೋನ್ ಹಿಡಿದು ನಿಂತಿದ್ದೆ. ಹಾಲು ಉಕ್ಕಿತು, ಹರಾಜು ಮುಗಿಯಿತು. ಗೆದ್ದದ್ದು ರೂಪಾ ಕುಚ್ಚು. ವಿಳಾಸ ನೋಡಿದರೆ ನಮ್ಮದೇ ಜಿಲ್ಲೆ. ಎಚ್.ಡಿ. ಕೋಟೆ ತಾಲೂಕು, ಹಂಪಾಪುರದ ಹತ್ತಿರದ ಒಂದು ಹಳ್ಳಿ.

ನಮ್ಮ ಸೀಮೆಯವರಿಗೇ ಹೋಯಿತಲ್ಲ ಅಂತ ಖುಷಿಪಟ್ಟು, ಹಳೇ ದುಪ್ಪಟ್ಟಾ ಸುತ್ತಿ ಗಂಟೆಗಳನ್ನು ಪ್ಯಾಕ್ ಮಾಡಿಟ್ಟೆ.

ದುಡ್ಡು ಬರಲಿಲ್ಲ.

ಎರಡು ದಿನ ಬಿಟ್ಟು ಮೆಸೇಜ್ ಹಾಕಿದೆ. ಉತ್ತರವಿಲ್ಲ. ಇನ್ನಷ್ಟು ವಿನಯದಿಂದ ಇನ್ನೊಂದು ಹಾಕಿದೆ. ಅದಕ್ಕೂ ಇಲ್ಲ. ಮೂರನೆಯದರಲ್ಲಿ ವಿನಯ ಕಡಿಮೆ ಇತ್ತು. ಈ ಕಡೆ ಬೆಂಗಳೂರಿನ ರೆಸಾರ್ಟಿನವರನ್ನು ಕೇಳಿದರೆ, ಅವರು ಆಗಲೇ ಬೇರೆ ಎಲ್ಲಿಂದಲೋ ಗಂಟೆ ತರಿಸಿಕೊಂಡಾಗಿತ್ತು.

ನೀವೇ ಹೇಳಿ, ಆಗ ಏನು ಮಾಡಬೇಕು? ಮದುವೆ ಮನೆಯಲ್ಲಿ ಎಲೆ ಹಾಕಿಸಿಕೊಂಡು, ಪಾಯಸ ಬಡಿಸಿಕೊಂಡು, ಎದ್ದು ಹೋದವರಿಗೆ ಏನನ್ನಬೇಕು? ನಿಯಮದ ಪ್ರಕಾರ ಏನಿದೆಯೋ ಅದನ್ನೇ ಮಾಡಿದೆ. "ದುಡ್ಡು ಕೊಡದ ಗ್ರಾಹಕರು" ಅನ್ನುವ ಬಟನ್ ಒತ್ತಿ ದೂರು ಕೊಟ್ಟೆ. ಒಂದು ಸ್ಟಾರ್ ಹಾಕಿ, ಕೆಳಗೆ "ಕೂಗಿ ಓಡಿಹೋಗುವವರು. ಎಚ್ಚರ" ಎಂದು ಬರೆದೆ. (ಅಂಕಣಕಾರರಿಗೆ ಎರಡು ಸಾಲಿನಲ್ಲಿ ಕುಟುಕುವ ಅವಕಾಶ ಸಿಕ್ಕರೆ ಬಿಡುತ್ತೇವೆಯೇ?)

ಮೂರು ಮೆಸೇಜಿಗೆ ಬಾರದ ಉತ್ತರ ಅದಕ್ಕೆ ಮಾತ್ರ ತಟ್ಟನೆ ಬಂತು. ಕಂಚಲ್ಲ, ತಗಡು. ಮೋಸ.

ಅದರ ಬಿಸಿ ತಟ್ಟಿದ್ದು ಆ ವಾರವೇ. ತಾಮ್ರದ ಹಂಡೆ ಒಪ್ಪಿಕೊಂಡಿದ್ದ ಶಿವಮೊಗ್ಗದ ಮಹಿಳೆಯೊಬ್ಬರು ಫೋನ್ ಮಾಡಿ, ಬೇಜಾರು ಮಾಡ್ಕೋಬೇಡಿ, ಅದು ತಾಮ್ರವೇ ತಾನೇ ಎಂದು ಕೇಳಿದರು. ಹೌದೆಂದೆ. ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ ಎಂದರು. ಇಂದಿಗೂ ಯೋಚಿಸುತ್ತಿದ್ದಾರೆ. ಆಮೇಲೆ ಇಟ್ಟ ಪಂಚಪಾತ್ರೆಗೆ ಒಬ್ಬರೂ ಕೂಗಲಿಲ್ಲ. ನಾನು ಆ ಕೆಂಪು ಸಾಲನ್ನು ದಿನಕ್ಕೆ ಎಷ್ಟು ಸಲ ತೆಗೆದು ಓದುತ್ತಿದ್ದೆನೋ. ನೂರಾರು ಜನ ಹೊಗಳಿ ಬರೆದದ್ದು ಮೇಲೆಯೇ ಇತ್ತು. ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಅನ್ನದಲ್ಲಿ ಕಲ್ಲು ಸಿಕ್ಕಿದ ಮೇಲೆ ಅನ್ನದ ರುಚಿ ಯಾರು ಹೇಳುತ್ತಾರೆ?

ಹೀಗೆ ಉರಿದುಕೊಂಡಿರುವಾಗಲೇ ಒಂದು ಮಧ್ಯಾಹ್ನ ಫೋನ್ ಬಂತು. ಹುಡುಗಿಯ ದನಿ. ತಾನು ರೂಪಾ ಎಂದಳು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ.

ಅವಳು ಜಗಳಕ್ಕೆ ಬಂದಿರಲಿಲ್ಲ. ನನ್ನ ದೂರಿನಿಂದ ಆ್ಯಪಿನವರು ಅವಳ ಅಕೌಂಟನ್ನು ಲಾಕ್ ಮಾಡಿದ್ದರು. ಯಾವ ಆರ್ಡರೂ ತೆಗೆದುಕೊಳ್ಳುವ ಹಾಗಿಲ್ಲ. ಅವಳು ಸೀರೆಗೆ ಕುಚ್ಚು ಕಟ್ಟಿಕೊಡುವವಳು. ಡಿಗ್ರಿ ಮುಗಿಸಿ ಊರಿನ ಐದಾರು ಹೆಂಗಸರನ್ನು ಜೊತೆಗೆ ಸೇರಿಸಿಕೊಂಡು, ಕಷ್ಟಪಟ್ಟು ಹೆಸರು ಮಾಡಿಕೊಂಡಿದ್ದಳು. ಇದು ಮದುವೆ ಸೀಸನ್. ಕೆ.ಆರ್. ನಗರದ ಒಂದು ಮದುವೆಮನೆಯ ದೊಡ್ಡ ಆರ್ಡರ್ ಮಾತಾಗಿತ್ತಂತೆ. ಅವರು ಆ್ಯಪ್ ತೆಗೆದು ನೋಡಿದರೆ ಅಂಗಡಿ ಬಂದ್, ಕೆಳಗೆ "ಓಡಿಹೋಗುವವರು, ಎಚ್ಚರ". ಯಾರು ಕೊಡುತ್ತಾರೆ ರೇಷ್ಮೆ ಸೀರೆ ನಂಬಿ?

"ಮೇಡಂ, ನಾನ್ ಯಾವ್ ಗಂಟೇನೂ ಕೂಗಿಲ್ಲ. ನಂಗ್ಯಾಕೆ ಎತ್ತಿನ್ ಗಂಟೆ? ನಂಗೆ ಬೇಕಾದ್ದು ದಾರ" ಎಂದಳು.

ಕೂಗಿ ಕೈಕೊಟ್ಟವರೆಲ್ಲ ಹೇಳುವ ಮಾತು ಇದೇ. ಫೋನ್ ಕಳೆದಿತ್ತು, ಮಗು ಒತ್ತಿತು, ಯಾರೋ ಹ್ಯಾಕ್ ಮಾಡಿದರು. ನಾನು ಪಟ್ಟು ಬಿಡಲಿಲ್ಲ. ಹಾಗಾದರೆ ತಗಡು ಅಂತ ಬರೆದದ್ದಾದರೂ ಯಾರು ಎಂದು ಕೇಳಿದೆ.

ಅವಳ ದನಿ ತಗ್ಗಿತು. "ಅದು ನಾನೇ. ನೀವು ಬರ್ದಿದ್ದು ನೋಡಿ ಉರ್ದೋಯ್ತು, ಬರ್ದ್ಬುಟ್ಟೆ."

ನೋಡಿದಿರಾ? ಕೂಗಿದ್ದು ಅವಳಲ್ಲವಂತೆ, ಬೈದದ್ದು ಅವಳೇ ಅಂತೆ. ಫೋನಿಟ್ಟ ಮೇಲೆ ಯಜಮಾನರ ಹತ್ತಿರ ಹೇಳಿಕೊಂಡೆ. ಅವರು ಎಲ್ಲ ಕೇಳಿಸಿಕೊಂಡು, ಹಂಪಾಪುರವೇನು ಅಮೆರಿಕವೇ, ಭಾನುವಾರ ಹೋಗಿ ಮುಖಾಮುಖಿ ಮಾತಾಡಿಬಿಡೋಣ ಎಂದರು. ನಾನು ಒಪ್ಪಿದೆ. ಹುಡುಗಿಯ ಮೇಲೆ ಕರುಣೆ ಉಕ್ಕಿ ಒಪ್ಪಿದೆ ಅಂದುಕೊಳ್ಳಬೇಡಿ. ಗಂಟೆಗಳನ್ನು ಚೀಲಕ್ಕೆ ಹಾಕಿಕೊಂಡೆ. ತಗಡು ಅಂದವಳ ಕಿವಿಗೆ ಒಂದು ಸಲ ಆ ನಾದ ಬೀಳಬೇಕಿತ್ತು, ಅಷ್ಟೇ.

ಎಚ್.ಡಿ. ಕೋಟೆ ದಾಟಿ, ದಾರಿ ಕೇಳಿಕೊಂಡು ಅವರ ಊರು ಸೇರುವಾಗ ಬಿಸಿಲೇರಿತ್ತು. ಬೀದಿಯ ಕೊನೆಯ ಹೆಂಚಿನ ಮನೆ. ಜಗಲಿಯ ಮೇಲೆ ಕಿಟಕಿ ಸರಳಿಗೆ ಕಟ್ಟಿದ ಬಣ್ಣಬಣ್ಣದ ದಾರಗಳು. ರೂಪಾ ಇಪ್ಪತ್ತೈದರ ಆಸುಪಾಸಿನ ಹುಡುಗಿ, ಸಣ್ಣಗೆ, ಬೆರಳ ತುದಿಗೆಲ್ಲ ಬಣ್ಣ. ಚಾಪೆ ಹಾಸಿದಳು, ನೀರು ಕೊಟ್ಟಳು. ಅವಳ ತಾಯಿ ಒಳಗೆ ಕಾಫಿಗಿಟ್ಟರು. ಜಗಳವಾಡಲು ಬಂದವರಿಗೆ ಕಾಫಿ ಕೊಟ್ಟರೆ ಅರ್ಧ ಜಗಳ ಅಲ್ಲೇ ಹೋಯಿತು. ಇದು ನಮ್ಮ ಸೀಮೆಯ ಹಳೇ ಉಪಾಯ. ಆನ್‌ಲೈನಿನಲ್ಲಿ ಇದಕ್ಕೇ ದಾರಿಯಿಲ್ಲ.

ಆದರೂ ನಾನು ಬಂದ ಕೆಲಸ ಮರೆಯಲಿಲ್ಲ. ಚೀಲದಿಂದ ಗಂಟೆ ತೆಗೆದು ಅವಳ ಮುಖದ ಎದುರಿಗೇ ಒಮ್ಮೆ ಅಲ್ಲಾಡಿಸಿದೆ.

ಆ ನಾದ ಮನೆಯೊಳಗೆ ಹೋಗಿ, ಹಿತ್ತಲಿಗೆ ಹೋಗಿ, ಅಲ್ಲಿಂದ ಒಬ್ಬರನ್ನು ಕರೆದುಕೊಂಡು ಬಂತು. ಅರವತ್ತರ ಹತ್ತಿರದ ಗಟ್ಟಿ ಆಳು. ತಲೆಗೆ ಟವೆಲು, ಕೈಯಲ್ಲಿ ಹುಲ್ಲು. ರೂಪಾಳ ತಂದೆ, ಜವರಣ್ಣ. ನಮ್ಮನ್ನು ಮಾತಾಡಿಸುವುದಕ್ಕೂ ಮೊದಲು ಗಂಟೆ ನೋಡಿದರು. ಮುಖ ಅರಳಿತು.

"ಇದೇ ಅಲ್ವಾ ಕಣವ್ವ ನಾನು ಕೂಗಿದ್ದು?"

ರೂಪಾಳ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ನಾನು ಯಜಮಾನರನ್ನು ನೋಡಿದೆ. ಅವರು ಆಕಾಶ ನೋಡಿದರು.

ಆದದ್ದಿಷ್ಟು. ಜವರಣ್ಣನಿಗೆ ಒಂದು ಜೊತೆ ಎತ್ತುಗಳಿವೆ. ಊರಿಗೆಲ್ಲ ಟ್ರ್ಯಾಕ್ಟರ್ ಬಂದಮೇಲೂ ಇವರು ಮಾರಿಲ್ಲ. ಅವುಗಳ ಮೇಲೆ ಪ್ರಾಣ. ಮಗಳು ದಾರದ ಉಂಡೆಗಳನ್ನು ಹರಾಜಿನಲ್ಲಿ ಕೂಗಿ ತರಿಸುವುದನ್ನು ನೋಡಿ ನೋಡಿ, ಎಲ್ಲಿ ಒತ್ತಬೇಕು ಅನ್ನುವುದು ಅವರಿಗೂ ಗೊತ್ತಾಗಿತ್ತು. ಆ ಭಾನುವಾರ ಅವಳು ಫೋನು ಚಾರ್ಜಿಗೆ ಹಾಕಿ ಎಲ್ಲಿಗೋ ಹೋಗಿದ್ದಾಗ ಗಂಟೆಯ ಫೋಟೋ ಕಂಡಿದೆ. ಒತ್ತಿದ್ದಾರೆ. ಬೆಂಗಳೂರಿನವರು ಮೇಲೆ ಹೋದಾಗ ಇವರಿಗೂ ಹಟ ಬಂದಿದೆ. ಗೆದ್ದ ಮೇಲೆ, ಇದು ದುಬಾರಿಯಾಯಿತು ಅನ್ನಿಸಿ ಬಿಟ್ಟಿದ್ದಾರೆ. ಅಷ್ಟೇ. ನಾನು ಹಾಕಿದ ಮೆಸೇಜುಗಳೂ ಇವರ ಕಣ್ಣಿಗೇ ಬಿದ್ದು, ಯಾವುದೋ ಅಡ್ವರ್ಟೈಸ್‌ಮೆಂಟು ಅಂತ ಪಕ್ಕಕ್ಕೆ ತಳ್ಳಿದ್ದಾರೆ.

ಹೀಗೆ ಕೂಗಿ ಬಿಡಬಹುದಾ ಎಂದು ಕೇಳಿದೆ. ದನಿಯಲ್ಲಿ ಸ್ವಲ್ಪ ಖಾರ ಇತ್ತು. ಜವರಣ್ಣನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನಾವು ಒಗೆಸೊಪ್ಪು ಬೆಳೆಯೋ ಜನ ಕಣವ್ವ. ಕಟ್ಟೇಲಿ ಕಂಪ್ನಿಯೋರು ರೇಟು ಕೂಗ್ತಾರೆ. ಒಪ್ಗೆ ಆಯ್ತಾ, ಕೊಟ್ವಿ. ಇಲ್ವಾ, ನೋಸೇಲ್ ಅಂದ್ಬುಟ್ಟು ಬೇಲ್ ವಾಪಸ್ ಮಡಿಕತೀವಿ. ಇನ್ನೊಂದಿನ ಮತ್ತೆ ಆಕ್ತೀವಿ. ಅದ್ಕೆ ಯಾರೂ ಯಾರ್ಗೂ ಬೈಯಾಕಿಲ್ಲ."

ನಿಜವೇ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸುತ್ತಿನಲ್ಲಿ ಹರಾಜು ಅಂದರೆ ಮೊದಲು ನೆನಪಾಗುವುದು ಹೊಗೆಸೊಪ್ಪಿನ ಹರಾಜು ಕಟ್ಟೆ. ಕೂಗಿದ ಬೆಲೆ ಹಿಡಿಸದಿದ್ದರೆ ಬೇಡ ಅನ್ನುವುದು ಅಲ್ಲಿ ರೈತನ ಹಕ್ಕು. ಆದರೆ ಅಲ್ಲಿ ನೀವು ಮಾರುವವರು, ಇಲ್ಲಿ ಕೊಳ್ಳುವವರು, ಬೇಡ ಅನ್ನುವ ಹಕ್ಕು ಕೊಳ್ಳುವವರಿಗೆ ಇಲ್ಲ ಎಂದು ನಾನು ಬಿಡಿಸಿ ಹೇಳಿದೆ. ಹರಾಜು ಹರಾಜೇ ಅಲ್ಲವೇ ಎಂದರು. ಗಣಿತದ ಮೇಷ್ಟ್ರು ಅದಕ್ಕೆ ತಲೆದೂಗಿದರು. (ನೀವು ಯಾರ ಪಕ್ಷ ಅಂತ ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ. ಗೇರ್ ಬದಲಿಸಿದರು.)

ರೂಪಾ ಮಾತ್ರ ನಗುತ್ತಿರಲಿಲ್ಲ. ಲೋಟ ಕೆಳಗಿಟ್ಟು ತಂದೆಯ ಕಡೆ ತಿರುಗಿದಳು.

"ನಂಗೊಂದ್ ಮಾತು ಏಳ್ಬಾರ್ದಿತ್ತಾ ಅಪ್ಪಾ? ಇಷ್ಟು ದಿನ ಕೈ ಕಟ್ಕಂಡ್ ಕುಂತಿದ್ದೀನಿ."

ಜವರಣ್ಣ ಕೈಯಲ್ಲಿದ್ದ ಹುಲ್ಲನ್ನು ಜಗಲಿಯ ಅಂಚಿಗೆ ಇಟ್ಟರು. ಅಲ್ಲಿಯವರೆಗೂ ಅವರಿಗೆ ಇದೊಂದು ತಮಾಷೆಯ ಸಂಗತಿಯಾಗಿತ್ತು.

"ನಿನ್ ಕೆಲ್ಸ ನಿಂತೋಗದೆ ಅಂತ ಗೊತ್ತಿತ್ತು ಕಣವ್ವ" ಎಂದರು ಮೆಲ್ಲಗೆ. "ನನ್ನಿಂದ ನಿಂತೋಯ್ತು ಅಂತ ಗೊತ್ತಿರ್ಲಿಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ತಾಯಿ ಬಾಗಿಲಲ್ಲೇ ನಿಂತರು. ನಾವಿಬ್ಬರೂ ಕಾಫಿ ಲೋಟದೊಳಗೆ ನೋಡುತ್ತಾ ಕೂತೆವು. ಎರಡು ಸಾಲು ಬರೆದು ಬಟನ್ ಒತ್ತುವಾಗ ನನಗೆ ಕಂಡದ್ದು ಒಂದು ಹೆಸರು, ಒಂದು ಚಿಕ್ಕ ಗುಂಡು ಫೋಟೋ. ಆ ಎರಡು ಸಾಲು ಬಂದು ಬಿದ್ದದ್ದು ಈ ಜಗಲಿಯ ಮೇಲೆ. ನನ್ನ ಬಳಿ ನ್ಯಾಯ ಇರಲಿಲ್ಲವೇ? ಇತ್ತು. ಈಗಲೂ ಇದೆ. ದುಡ್ಡು ಹಾಕದವರಿಗೆ ದುಡ್ಡು ಹಾಕಲಿಲ್ಲ ಅನ್ನದೆ ಇನ್ನೇನು ಅನ್ನಬೇಕು? ಆದರೆ ನ್ಯಾಯ ಇರುವವರು ವಿಳಾಸವನ್ನೂ ಸರಿಯಾಗಿ ನೋಡಿಕೊಂಡಿರಬೇಕು.

ಜವರಣ್ಣ ಎದ್ದರು. ಆದದ್ದಾಯಿತು, ಗಂಟೆ ನಾನೇ ತಗೋತೀನಿ, ಎಷ್ಟು ಕೂಗಿದ್ದೆನೋ ಅಷ್ಟನ್ನೂ ಕೊಡುತ್ತೇನೆ ಎಂದರು. ನಾನು ಬೆಲೆ ಇಳಿಸುತ್ತೇನೆ ಎಂದೆ. ಅವರು ಕೇಳಲಿಲ್ಲ. ಎಲ್ಲರೂ ಹಿತ್ತಲಿಗೆ ಹೋದೆವು. ಎತ್ತುಗಳು ನಿಜಕ್ಕೂ ಚೆಂದವಿದ್ದವು. ಬಲಗಡೆಯದರ ಕೊರಳಿಗೆ ಗಂಟೆ ಕಟ್ಟಿದರು. ಅದು ಒಂದು ಕ್ಷಣ ಸುಮ್ಮನಿತ್ತು. ತಲೆ ಅಲ್ಲಾಡಿಸಿತು. ತನ್ನ ಕೊರಳಿನಿಂದಲೇ ಅಂಥ ಸದ್ದು ಬಂದದ್ದಕ್ಕೆ ಬೆಚ್ಚಿ, ಗೂಟ ಕಿತ್ತುಕೊಂಡು ಹುಲ್ಲಿನ ಮೆದೆಯನ್ನು ಅರ್ಧ ಕೆಡವಿತು. ಎಡಗಡೆಯದು ಅದನ್ನು ನೋಡಿಯೇ ಗಾಬರಿಯಾಗಿ ಬಾಲ ಎತ್ತಿತು. ಯಜಮಾನರು ಬಾವಿಕಟ್ಟೆ ಹತ್ತಿ ನಿಂತಿದ್ದರು.

ಜವರಣ್ಣ ಹೇಗೋ ಎತ್ತನ್ನು ಸಮಾಧಾನ ಮಾಡಿ, ಗಂಟೆ ಬಿಚ್ಚಿ, ಟವೆಲಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು.

"ಬ್ಯಾಡ ಬುಡಿ ಕಣವ್ವ. ಇವ್ಕೆ ಆಗಾಕಿಲ್ಲ."

ಎರಡನೇ ಸಲವೂ ನೋಸೇಲ್. ಈ ಸಲ ಮೊದಲು ನಕ್ಕವಳು ರೂಪಾ. ಆಮೇಲೆ ನಾನು. ಕೊನೆಗೆ ಜವರಣ್ಣನೂ.

ಉಳಿದದ್ದು ಆ ಕೆಂಪು ಸಾಲುಗಳು. ಆ್ಯಪಿನಲ್ಲಿ ಒಂದು ದಾರಿಯಿದೆ. ಇಬ್ಬರೂ ರಾಜಿಯಾದರೆ, ಇಬ್ಬರೂ ತಮ್ಮತಮ್ಮ ಮಾತು ಹಿಂದಕ್ಕೆ ಪಡೆಯಬಹುದು. ಒಬ್ಬರು ಒತ್ತಿ ಇನ್ನೊಬ್ಬರು ಒತ್ತದಿದ್ದರೆ, ಒತ್ತಿದವರ ಮಾತು ಹೋಯಿತು, ಇನ್ನೊಬ್ಬರದು ಹಾಗೇ ಉಳಿಯಿತು. ಅಂದರೆ ಮೊದಲು ಒತ್ತುವವರು ಧೈರ್ಯವಂತರಾಗಿರಬೇಕು, ಇಲ್ಲವೇ ದಡ್ಡರಾಗಿರಬೇಕು.

ಅವತ್ತು ಮನೆಯಲ್ಲಿ ನೆಟ್‌ವರ್ಕ್ ಕೈಕೊಟ್ಟಿತ್ತು. ಊರಾಚೆ ಹೊಂಗೆ ಮರದ ಹತ್ತಿರ ಸಿಗುತ್ತದೆ ಎಂದಳು ರೂಪಾ. ಹೋಗಿ ನಿಂತೆವು. ಇಬ್ಬರ ಕೈಯಲ್ಲೂ ಫೋನು. ನೀವು ದೊಡ್ಡವರು, ಮೊದಲು ನೀವು ಒತ್ತಿ ಎಂದಳು ಅವಳು. ನಿಮ್ಮ ಮನೆಯಿಂದ ಶುರುವಾದದ್ದು, ಮೊದಲು ನೀನು ಒತ್ತು ಎಂದೆ ನಾನು. ಕಾಫಿ ಕುಡಿದಾಗಿತ್ತು, ಅತ್ತಾಗಿತ್ತು, ನಕ್ಕಾಗಿತ್ತು. ಆದರೂ ಬೆರಳು ಮುಂದೆ ಹೋಗಲೊಲ್ಲದು. ನಂಬಿಕೆಯ ಕಷ್ಟ ನೋಡಿ, ಎಲ್ಲ ಸರಿಹೋದ ಮೇಲೂ ಒಂದು ಬಟನ್ನಿನಷ್ಟು ಕೊರತೆ ಬೀಳುತ್ತದೆ.

ಬಿಸಿಲಲ್ಲಿ ಬೆವರುತ್ತಿದ್ದ ಯಜಮಾನರಿಗೆ ಸಾಕಾಯಿತು. ಇಬ್ಬರ ಕೈಯಿಂದಲೂ ಫೋನು ಕಿತ್ತುಕೊಂಡರು. ಅವಳದನ್ನು ನನಗೆ, ನನ್ನದನ್ನು ಅವಳಿಗೆ ಕೊಟ್ಟರು. ಈಗ ಒತ್ತಿ ಎಂದರು.

ನನ್ನನ್ನು ಮೋಸಗಾರ್ತಿ ಅಂದದ್ದನ್ನು ನಾನೇ ಅಳಿಸಿದೆ. ಅವಳನ್ನು ಓಡಿಹೋಗುವವಳು ಅಂದದ್ದನ್ನು ಅವಳೇ ಅಳಿಸಿದಳು. ಇಬ್ಬರೂ ತಡಮಾಡಲಿಲ್ಲ.

ಆ್ಯಪಿನವರು ವಿಚಾರಣೆ ಮುಗಿಸಿ ಅವಳ ಅಂಗಡಿ ತೆರೆಯಲು ಇನ್ನಷ್ಟು ದಿನ ತೆಗೆದುಕೊಂಡರು. ಅಷ್ಟರಲ್ಲಿ ಕೆ.ಆರ್. ನಗರದ ಮದುವೆಯ ಸೀರೆಗಳು ಬೇರೆಯವರ ಕೈ ಸೇರಿದ್ದವು. ಅದಕ್ಕೆ ನಾನೇನೂ ಮಾಡಲಾಗಲಿಲ್ಲ. ಮನಸ್ಸು ತಡೆಯದೆ ಆ್ಯಪಿನಲ್ಲೇ ಆರ್ಡರ್ ಹಾಕಿ, ನನ್ನದೊಂದು ರೇಷ್ಮೆ ಸೀರೆಯನ್ನು ಕುಚ್ಚು ಕಟ್ಟಲು ಅವಳಿಗೆ ಕಳಿಸಿದೆ. ದುಡ್ಡನ್ನು ಮೊದಲೇ ಹಾಕಿದೆ, ಕೇಳುವುದಕ್ಕೂ ಮುಂಚೆ.

ಮೊನ್ನೆ ಸೀರೆ ಬಂತು. ಹಸಿರು ಸೆರಗಿಗೆ ಅರಿಶಿನ ಬಣ್ಣದ ಕುಚ್ಚು. ಬಿಡಿಸಿ ನೋಡಿದೆ, ಬಹಳ ಚೆಂದವಿದೆ. ಸೆರಗಿನ ಎಡತುದಿಯಲ್ಲಿ ನಾಲ್ಕು ಕುಚ್ಚು ಮಾತ್ರ ಉಳಿದವಕ್ಕಿಂತ ಗಿಡ್ಡ. ಎದ್ದು ಕಾಣುವಷ್ಟೇ ಗಿಡ್ಡ.

ಫೋನಿನಲ್ಲಿ ಆ್ಯಪು ಕೇಳುತ್ತಿದೆ, ಎಷ್ಟು ಸ್ಟಾರ್ ಕೊಡುತ್ತೀರಿ ಅಂತ. ನೀವಾಗಿದ್ದರೆ ಎಷ್ಟು ಒತ್ತುತ್ತಿದ್ದಿರಿ?